ಶೇಂಗಾ ಬೇರಿನ ವೇಗ

ದೊಡ್ಡಉಳ್ಳಾರ್ತಿಯ ಜ್ಯೋತಿಲಕ್ಷ್ಮಿ ಚಳ್ಳಕೆರೆಯ ಖಾಸಗಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತ ಪಿಎಚ್.ಡಿ. ಮಾಡುತ್ತಿದ್ದಳು. ನೀರು ಸಾಲದಾದಾಗ ಶೇಂಗಾ ಬೇರಿನ ತುದಿಯ ಜೀವಕೋಶಗಳು ಒಡೆದು ಎರಡಾಗುವ ವೇಗ ಎಷ್ಟು ತಗ್ಗುತ್ತದೆ ಎಂಬುದು ಅವಳ ವಿಷಯ. ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ ಎಣಿಸುವುದು ಎಲ್ಲರೂ ಬಲ್ಲ ದಾರಿ. ಆದರೆ ಸತ್ತ ಬೇರಿನಲ್ಲಿ ವೇಗ ಹೇಗೆ ಕಂಡೀತು? ಒಂದು ಕೋಶ ಎರಡಾಗಿ, ಅದರಲ್ಲೊಂದು ಮತ್ತೆ ಎರಡಾಗುವುದನ್ನು ಬದುಕಿರುವ ಬೇರಿನಲ್ಲೇ ನೋಡಬೇಕೆಂದು ಹಟ ಹಿಡಿದಳು. ಹೋಲಿಕೆಗೆಂದು ಮೊದಲು ನೀರುಂಡ ಮೊಳಕೆಯನ್ನು ತೆಳು ಗಾಜಿನ ಡಬ್ಬಿಯಲ್ಲಿಟ್ಟು, ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿದಳು.

ಕಾಲೇಜಿನ ಗೋಡೆಯಾಚೆ ಎಣ್ಣೆ ಮಿಲ್ಲು. ಕಾಯಿ ಸುಲಿಯುವ ಯಂತ್ರ ಶುರುವಾದರೆ ಸಾಕು, ಮೇಜು ಸಣ್ಣಗೆ ನಡುಗಿ ಚಿತ್ರವೆಲ್ಲ ಮಸುಕು. ಮೇಜಿನ ಕಾಲಿಗೆ ಹಳೆ ಟ್ಯೂಬು ಸುತ್ತಿದಳು, ಮರಳು ಚೀಲ ಹೇರಿದಳು. ನಡುಕ ಹೋಗಲಿಲ್ಲ. ಕೊನೆಗೆ ಮಿಲ್ಲಿನ ಯಜಮಾನ ದೊಡ್ಡಪಾಲಯ್ಯನ ಬಳಿ ಹೋದಳು.

“ಒಂದಿನ ಮಿಷಿನ್ ನಿಲ್ಲಿಸ್ತೀರಾ ಯಜಮಾನ್ರೇ?”

“ಸುಗ್ಗಿ ಟೈಮಲ್ಲಿ ಹಗ್ಲೂ ರಾತ್ರಿ ಓಡ್ತೈತೆ, ಹೆಂಗವ್ವಾ ನಿಲ್ಸಾದು? ಅಮಾಸೆ ದಿನ ಪೂಜೆಗೆ ರಜ ಐತೆ. ಅವತ್ತು ನೋಡ್ಕ.”

ಅಮಾವಾಸ್ಯೆ ಬಂತು. ಮೇಜು ಅಲುಗಲಿಲ್ಲ. ಕೋಶವೊಂದರ ನಡುವೆ ಸಣ್ಣ ಗೆರೆ ಮೂಡಿ ಅದು ಎರಡಾದದ್ದನ್ನು ಕಂಡು ಜ್ಯೋತಿಲಕ್ಷ್ಮಿ ಉಸಿರು ಬಿಗಿಹಿಡಿದಳು. ಆದರೆ ಸಂಜೆಯಾಗುತ್ತ ಕೋಶಗಳು ನಿಧಾನವಾದವು, ಆಮೇಲೆ ನಿಂತೇಬಿಟ್ಟವು. ಬೇರಿಗೆ ನೀರೇನೋ ಇತ್ತು.

ದಾವಣಗೆರೆಯಲ್ಲಿದ್ದ ಅವಳ ಗೈಡ್ ಶಾಂತಕುಮಾರಿ ಮೇಡಂ ಫೋನಿನಲ್ಲಿ ಕೇಳಿದರು, “ಸೂಕ್ಷ್ಮದರ್ಶಕದ ದೀಪ ಎಷ್ಟು ಹೊತ್ತು ಉರೀತಿತ್ತು?”

“ಪೂರ್ತಿ, ಮೇಡಂ.”

“ಅಷ್ಟು ಬೆಳಕು ಬಿದ್ರೆ ಬೇರು ತಡೆಯುತ್ತೇನಮ್ಮ? ಇದನ್ನ ಲೆಕ್ಕಕ್ಕೆ ಹಿಡಿಯೋಕಾಗಲ್ಲ.”

ಅವಳಿಗೆ ಮಿಲ್ಲಿನ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು. ನೋಡುವ ಆಸೆಯಲ್ಲಿ ನೋಡಬೇಕಾದದ್ದನ್ನೇ ಸುಟ್ಟಿದ್ದಳು. ಮನೆಗೆ ಬಂದವಳು ತಟ್ಟೆ ದೂಡಿ ಕೂತಾಗ ತಾಯಿ ಸೂರಮ್ಮ, “ಮತ್ತೆ ಮೊಳಕೆ ಹಾಕಿದ್ರಾತು, ಉಣ್ಣು,” ಎಂದಳು.

“ಮೊಳಕೆ ದಂಡಿಯಾಗವೆ ಅವ್ವಾ. ಮಿಲ್ಲು ನಿಲ್ಲಾದು ತಿಂಗ್ಳಿಗೊಂದೇ ಸಲ, ಅಮಾಸೆಗೆ.”

ಫೋಟೊ ತೆಗೆಯುವ ಗಳಿಗೆಗಷ್ಟೇ ದೀಪ ಹೊತ್ತುವಂತೆ ಮಾಡಿಕೊಂಡಳು. ಮುಂದಿನ ಅಮಾವಾಸ್ಯೆ ಕರೆಂಟು ಹೋಯಿತು. ಅದರ ಮುಂದಿನದರಲ್ಲಿ ಬ್ಯಾಟರಿ ಇಟ್ಟುಕೊಂಡಿದ್ದಳು. ಆದರೆ ಈ ಸಲ ಬೇರು ಬೆಳೆದು ಕ್ಯಾಮೆರಾದ ಕಣ್ಣಿನಾಚೆ ಹೊರಟುಹೋಯಿತು. ಹಾಳಾದ ಚಿತ್ರಗಳನ್ನು ಅಳಿಸಲೂ ಬೇಸರವಾಗಿ ಹಾಗೇ ಬಿಟ್ಟಳು.

ಬೇಸಿಗೆಯ ಹೊತ್ತಿಗೆ ನೀರುಂಡ ಬೇರಿನ ಲೆಕ್ಕ ಕೊನೆಗೂ ಸಿಕ್ಕಿತು. ಶಾಂತಕುಮಾರಿ ಒಪ್ಪಿಕೊಂಡರು. “ಇನ್ನು ನೀರು ಸಾಲದ ಬೇರಿಂದು,” ಎಂದರು.

ಅವಳ ಪ್ರಶ್ನೆಯಿದ್ದದ್ದೇ ಅದರ ಬಗ್ಗೆ. ಜ್ಯೋತಿಲಕ್ಷ್ಮಿ ಹಲ್ಲು ಕಚ್ಚಿಕೊಂಡು “ಆಯ್ತು ಮೇಡಂ” ಅಂದಳು. ಫೋನಿಟ್ಟು, ಹೊಸ ಬೀಜ ನೆನೆಹಾಕಲು ಎದ್ದಳು.