ಪಕ್ಷದಲ್ಲಿ ಕಟ್ಟಿದ ಗೋಪುರಗಳು

ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ದಸರೆಗೆ ಗೊಂಬೆ ಕೂರಿಸದ ಮನೆಯನ್ನು ಹುಡುಕಬೇಕಾಗಿದ್ದ ದಿನಗಳವು. ಹಬ್ಬಕ್ಕೆ ತಿಂಗಳಿರುವಾಗಲೇ ಮಕ್ಕಳ ಗೂಢಚರ್ಯೆ ಶುರುವಾಗುತ್ತಿತ್ತು. ಎದುರು ಮನೆಯವರದು ಈ ಸಲ ಮೃಗಾಲಯವಂತೆ, ಮೂಲೆ ಮನೆಯವರದು ಕ್ರಿಕೆಟ್ ಮೈದಾನವಂತೆ. ಮೆಟ್ಟಿಲುಗಳ ಮೇಲಿನ ಪಟ್ಟದ ಗೊಂಬೆಗಳು ಹಿರಿಯರ ಪಾಲು. ಕೆಳಗೆ ನೆಲದ ಮೇಲೆ ರಾಗಿ ಚೆಲ್ಲಿ, ಮೊಳಕೆ ಬರಿಸಿ, ಆ ಹಸಿರಿನ ನಡುವೆ ಕಟ್ಟುವ ಪಾರ್ಕು ನಮ್ಮ ಪಾಲು.

ಎರಡು ಸಾವಿರದ ಒಂದರಲ್ಲಿ ನಾನು ಆರನೇ ಕ್ಲಾಸು. ಆ ವರ್ಷ ಅಧಿಕ ಮಾಸ ಬಂದು ಹಬ್ಬ ಅಕ್ಟೋಬರಿಗೆ ಹೋಗಿತ್ತು. ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಬೆಳಗಿನ ಶಿಫ್ಟಿಗೆ ಹೋಗುತ್ತಿದ್ದ ಸತೀಶ ಚಿಕ್ಕಪ್ಪ ಒಂದು ಮಧ್ಯಾಹ್ನ ಹಳೆಯ ಕ್ಯಾಲೆಂಡರೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ತಿಂಗಳಿಗೊಂದು ದೇಶ, ದೇಶಕ್ಕೊಂದು ಕಟ್ಟಡ.

"ಈ ಸಲ ಇಡೀ ಪ್ರಪಂಚ ಕಟ್ಟೋಣ ಕಣೇ ರೂಪಿ. ಮಧ್ಯದಲ್ಲಿ ಜೈಂಟ್ ವೀಲು, ರೋಲರ್ ಕೋಸ್ಟರು, ಫಾರಿನ್ ಪಾರ್ಕಲ್ಲಿ ಇರುತ್ತಲ್ಲ, ಚೂಪು ಚೂಪು ಗೋಪುರದ ಅರಮನೆ, ಅದು. ಮೂಲೆ ಮನೆಯವರು ಬ್ಯಾಟು ಬಿಸಾಕಿ ಓಡಬೇಕು."

ಮೊದಲ ದಿನದಿಂದಲೇ ಅಡ್ಡ ಬಂದದ್ದು ಅಜ್ಜಿ. ಅದು ಪಿತೃಪಕ್ಷ. ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಆ ಹದಿನೈದು ದಿನ ನಮ್ಮ ಮನೆಯಲ್ಲಿ ಹೊಸ ಬಟ್ಟೆಗೆ ಕತ್ತರಿ ಕೂಡ ಹಾಕುತ್ತಿರಲಿಲ್ಲ.

"ಪಕ್ಷದಲ್ಲಿ ಯಾರಾದ್ರೂ ಕಟ್ಟಡಕ್ಕೆ ಕೈ ಹಾಕ್ತಾರೇನೋ ಸತೀಶ? ಕಟ್ಟಿದ್ದು ನಿಲ್ಲಲ್ಲ. ಮುಗೀಲಿ ತಡಿ."

"ಅಮ್ಮಾ, ಇದು ಥರ್ಮೋಕೋಲು. ಇದಕ್ಕೇನು ಪಾಯ ಹಾಕಬೇಕಾ, ಗೃಹಪ್ರವೇಶ ಮಾಡಬೇಕಾ?"

"ಕಟ್ಟಡ ಅಂದ್ರೆ ಕಟ್ಟಡಾನೇ," ಎಂದು ಅಜ್ಜಿ ಒಳಗೆ ಹೋದರು. ನಾವು ಶುರು ಮಾಡಿಯೇಬಿಟ್ಟೆವು.

ಸ್ಕೂಲಿಂದ ಬಂದವಳೇ ಸ್ಕೇಲು ಹಿಡಿದು ಕೂರುತ್ತಿದ್ದೆ. ಜನರಲ್ ನಾಲೆಜ್ ಪುಸ್ತಕದಲ್ಲಿದ್ದ ಎತ್ತರಗಳನ್ನು ಡೈರಿಗೆ ಇಳಿಸಿ, ಯಾವುದು ಯಾವುದಕ್ಕಿಂತ ಎಷ್ಟು ದೊಡ್ಡದಿರಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಸಿಡ್ನಿಯ ಒಪೆರಾ ಹೌಸಿಗೆ ತೆಂಗಿನ ಚಿಪ್ಪು, ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೆ ಪೊರಕೆ ಕಡ್ಡಿ. ಎಲ್ಲಕ್ಕಿಂತ ಎತ್ತರ ನ್ಯೂಯಾರ್ಕಿನ ಜೋಡಿ ಗೋಪುರ. ಅದರ ಮೈಗೆಲ್ಲ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ.

"ಇಷ್ಟೊಂದು ಬೆಳ್ಳಿ ಕಾಗದ ಎಲ್ಲಿಂದ ಬಂತೋ?" ಎಂದು ಅಜ್ಜಿ ಕೇಳಿದರು.

"ಪ್ರೆಸ್ಸಲ್ಲಿ ಎಲ್ಲರೂ ಕೊಟ್ಟಿದ್ದಮ್ಮ."

"ಹೌದೌದು. ಎಲ್ಲರ ವಾಸನೇನೂ ನಿನ್ನ ಬಾಯಲ್ಲೇ ಬರುತ್ತೆ."

ಸೆಪ್ಟೆಂಬರ್ ಹನ್ನೊಂದನೆಯ ತಾರೀಖು ಮಂಗಳವಾರ ಸಂಜೆ ಕೊನೆಯ ಬೆಳ್ಳಿ ಚೂರು ಅಂಟಿಸಿದೆವು. ಅಂಟು ಒಣಗಲೆಂದು ಎರಡೂ ಗೋಪುರಗಳನ್ನು ಟೀವಿಯ ಮೇಲೆ ನಿಲ್ಲಿಸಿದೆವು. ನಾನು ಡೈರಿಗೆ ‘ನ್ಯೂಯಾರ್ಕ್ ಮುಗಿಯಿತು’ ಎಂದು ಬರೆದು ಕೈ ತೊಳೆಯಲು ಹೋದೆ.

ವಾಪಸು ಬರುವಷ್ಟರಲ್ಲಿ ಅಪ್ಪ ಆಫೀಸಿನಿಂದ ಬಂದವರು ಚಪ್ಪಲಿಯನ್ನೂ ಬಿಡದೆ ಟೀವಿ ಹಾಕಿ ನಿಂತಿದ್ದರು. ಪರದೆಯ ಮೇಲೆ ಹೊಗೆ. ಯಾವುದೋ ಇಂಗ್ಲಿಷ್ ಸಿನಿಮಾ ಅಂದುಕೊಂಡೆ. ಆಮೇಲೆ ಆಕಾರ ಕಂಡಿತು. ಪರದೆಯೊಳಗೆ ಅವೆರಡೂ ಉರಿಯುತ್ತಿದ್ದವು. ಒಂದು ಗೇಣು ಮೇಲೆ ನಮ್ಮವು ಟ್ಯೂಬ್‌ಲೈಟಿಗೆ ಫಳಫಳ ಹೊಳೆಯುತ್ತ ನಿಂತಿದ್ದವು.

ಒಲೆಯ ಮೇಲಿನ ಹಾಲು ಉಕ್ಕಿ ಸೀದ ವಾಸನೆ ನಡುಮನೆಗೆ ಬಂದರೂ ಅಮ್ಮ ಕದಲಲಿಲ್ಲ. ನೋಡನೋಡುತ್ತಿದ್ದಂತೆ ಪರದೆಯೊಳಗಿನ ಒಂದು ಗೋಪುರ ನಿಂತ ಜಾಗದಲ್ಲೇ ಕುಸಿದು ಬೂದಿಯ ಮೋಡವಾಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಜ್ಜಿ ಟೀವಿಯನ್ನೂ ಅದರ ತಲೆಯ ಮೇಲಿದ್ದುದನ್ನೂ ಸರದಿಯಲ್ಲಿ ನೋಡಿ, "ಇದೇ ಅಲ್ವೇನೇ ಅದು?" ಎಂದರು. ಅಪ್ಪ ನಮ್ಮ ಗೋಪುರಗಳನ್ನು ಎತ್ತಿ ಬೀರುವಿನ ಹಿಂದಿಟ್ಟರು.

ಕಟ್ಟಿದ್ದು ನಿಲ್ಲಲ್ಲ ಎಂದು ಅಜ್ಜಿ ಹೇಳಿದ್ದರು. ನಾವು ಕಟ್ಟಿ ಮುಗಿಸಿದ್ದೆವು, ಅದೂ ಅದೇ ಸಂಜೆ. ನಮ್ಮದು ನಿಂತಿತ್ತು, ಅವರದು ಬಿದ್ದಿತ್ತು. ಒಳಗಿದ್ದವರೆಲ್ಲ ನಮ್ಮಿಂದಲೇ ಸತ್ತರು. ಹನ್ನೊಂದು ವರ್ಷದ ನನ್ನ ತಲೆಗೆ ಇದರಲ್ಲಿ ಒಂದಿಷ್ಟೂ ಅನುಮಾನ ಉಳಿಯಲಿಲ್ಲ. ಯಾರಿಗೂ ಹೇಳಲಿಲ್ಲ. ಮರುದಿನ ಕ್ಲಾಸಿನಲ್ಲಿ ಹುಡುಗರು ಕಾಗದದ ವಿಮಾನವನ್ನು ಡಸ್ಟರಿಗೆ ಗುರಿಯಿಟ್ಟು ಹೊಡೆಯುತ್ತಿದ್ದಾಗ ನಾನು ಎದ್ದು ಹೊರಗೆ ಹೋದೆ. ನನ್ನ ಊಟದ ಡಬ್ಬಿ ಹಾಗೇ ಮನೆಗೆ ಬಂತು.

ಸಂಜೆ ಚಿಕ್ಕಪ್ಪ ನನ್ನ ಮನಸ್ಸು ತಿರುಗಿಸಲೆಂದು ಐಫೆಲ್ ಗೋಪುರ ತಂದಿಟ್ಟರು. ತುದಿಯೊಂದೇ ಬಾಕಿ.

"ಬಾರೇ, ಒಂದು ಹನಿ ಗಮ್ಮು, ಮುಗೀತು."

"ಬೇಡ!" ನಾನು ಕಿರುಚಿದ ರಭಸಕ್ಕೆ ಪೊರಕೆ ಕಡ್ಡಿಗಳು ಅವರ ಕೈಯಿಂದ ಜಾರಿದವು. "ಅದನ್ನ ಮುಗಿಸಬೇಡಿ ಚಿಕ್ಕಪ್ಪ! ಪ್ಯಾರಿಸ್ಸಲ್ಲೂ ಜನ ಇದಾರೆ!"

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿಗೆ ಆಯಿತು. ಅವರ ಮುಖದ ಬಣ್ಣವೇ ಇಳಿದುಹೋಯಿತು. ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದು ನನ್ನ ಮುಂದೆ ಬಂದು ಕೂತರು.

"ನಾನು ಅವತ್ತು ಅಂದೆನಲ್ಲ, ಅದಕ್ಕೇನೇ?"

ನಾನು ತಲೆಯಾಡಿಸಿದೆ. ಅಳು ಬಂದದ್ದು ಆಗಲೇ.

"ಅಯ್ಯೋ ಹುಚ್ಚಿ. ಪಕ್ಷದಲ್ಲಿ ಹಿರಿಯರು ಊಟಕ್ಕೆ ಬರ್ತಾರೆ ಕಣೇ. ನಿಮ್ಮ ತಾತ ವಡೆ ತಿಂದು, ಉಪ್ಪು ಕಮ್ಮಿ ಅಂದು ಹೊರಡೋರು. ಅಮೆರಿಕಾಗೆ ಹೋಗಿ ಯಾರದೋ ಕಟ್ಟಡ ಬೀಳಿಸ್ತಾರಾ? ಬೀಳಿಸಿದ್ದು ಬದುಕಿರೋ ಮನುಷ್ಯರು. ನಿನ್ನಿಂದ ಅಲ್ಲ."

"ನೀವೇ ಹೇಳಿದ್ರಿ, ಕಟ್ಟಿದ್ದು ನಿಲ್ಲಲ್ಲ ಅಂತ."

ಅಜ್ಜಿ ನೆಲಕ್ಕೆ ಬಿದ್ದ ಕಡ್ಡಿಯೊಂದನ್ನು ಎತ್ತಿಕೊಂಡರು. ಆಮೇಲೆ ಕೈ ಚಾಚಿದರು.

"ಕೊಡೋ ಸತೀಶ, ಆ ಗಮ್ಮು."

"ಅಮ್ಮಾ, ನೀನಾ? ಪಕ್ಷ ಮುಗಿಯೋಕೆ ಇನ್ನೂ ದಿನ ಇದೆ."

"ಕೊಡು ಅಂದೆ."

ಪಕ್ಷದಲ್ಲಿ ಹರಿದ ಲಂಗಕ್ಕೆ ಹೊಲಿಗೆಯನ್ನೂ ಹಾಕಿಕೊಡದ ಅಜ್ಜಿ, ಅರಿಶಿನದ ಗೆರೆಗಳು ಕೂತ ಬೆರಳಿಂದ ಕಡ್ಡಿಯ ತುದಿಗೆ ಗಮ್ಮು ಸವರಿ, ಗೋಪುರದ ನೆತ್ತಿಗಿಟ್ಟು, ಅಂಟುವ ತನಕ ಹಿಡಿದು ಕೂತರು. "ಈಗ ಇದನ್ನ ಕಟ್ಟಿದ್ದು ನಾನು. ನೀನಲ್ಲ. ನಾಳೆ ಪೇಪರ್ ನೋಡು," ಎಂದರು. ಹಿಂದಿನ ಸಂಜೆಯ ನಂತರ ಮೊದಲ ಬಾರಿ ನನಗೆ ಹಸಿವಾಯಿತು. ಸಾರನ್ನ ತಿಂದು ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಅಜ್ಜಿಯ ಹಾಸಿಗೆ ಆಗಲೇ ಮಡಿಸಿತ್ತು. ಹುಡುಕುತ್ತ ಹೊರಗೆ ಬಂದರೆ, ಅವರು ಗೇಟಿನ ಬಳಿ ನಿಂತಿದ್ದರು. ಇನ್ನೂ ರಂಗೋಲಿ ಹಾಕಿರಲಿಲ್ಲ, ಹಾಲು ತಂದಿರಲಿಲ್ಲ. ಗಂಡಸರೆಲ್ಲ ಓದಿ ಮುಗಿಸಿದ ಮೇಲೆ ಮಧ್ಯಾಹ್ನ ಪೇಪರು ಮುಟ್ಟುತ್ತಿದ್ದ ಅಜ್ಜಿ, ಬೀದಿ ದೀಪದ ಬೆಳಕಿಗೆ ಪೇಪರು ಹಿಡಿದು ಒಂದೊಂದೇ ಹಾಳೆ ತಿರುವುತ್ತಿದ್ದರು. ನೋಡಿದ ಹಾಳೆಯನ್ನೇ ಮತ್ತೆ ಹಿಂದಕ್ಕೆ ತಿರುವಿ ನೋಡುತ್ತಿದ್ದರು.

ನನ್ನನ್ನು ಕಂಡು ಪೇಪರನ್ನು ನನ್ನ ಕೈಗೆ ಒತ್ತಿದರು.

"ಪ್ಯಾರಿಸ್ಸು ಅಂತ ಎಲ್ಲಾದ್ರೂ ಇದೆಯಾ ನೋಡೇ. ನನಗೆ ಅಕ್ಷರ ಕಾಣ್ತಿಲ್ಲ."

ನಾನು ಎಲ್ಲ ಪುಟ ನೋಡಿದೆ. ಎಲ್ಲ ಕಡೆ ನ್ಯೂಯಾರ್ಕೇ. "ಇಲ್ಲ ಅಜ್ಜಿ."

"ಇಲ್ವಾ? ಹಿಂದಿನ ಪುಟ?"

"ಅಲ್ಲೂ ಇಲ್ಲ."

ಅಜ್ಜಿ ಗೇಟಿಗೆ ಒರಗಿ, ಸೆರಗಿನಿಂದ ಮುಖ ಒರೆಸಿಕೊಂಡು, "ಸರಿ, ಹಲ್ಲುಜ್ಜು ಹೋಗು," ಎಂದರು. ಟೀವಿಯಲ್ಲಿ ಗೋಪುರಗಳು ಬಿದ್ದಾಗಲೂ ನಾನು ಅಷ್ಟು ಬೆಚ್ಚಿಬಿದ್ದಿರಲಿಲ್ಲ. ಅಜ್ಜಿ ನನಗೆ ಹೇಳಿದ್ದನ್ನು ತಾವೇ ನಂಬಿರಲಿಲ್ಲ. ಗಮ್ಮು ಸವರಿದ ಗಳಿಗೆಯಿಂದ ಬೆಳಗಾಗುವ ತನಕ, ನೋಡದ ಒಂದು ಊರಿಗಾಗಿ ಹೆದರಿ ನಿದ್ದೆಗೆಟ್ಟಿದ್ದರು.

ಆ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳಿವೆ. ಅಜ್ಜಿ ಹೋದ ಮೇಲೆ ಪಟ್ಟದ ಗೊಂಬೆಗಳು ಅಟ್ಟದ ಪೆಟ್ಟಿಗೆಯಿಂದ ಇಳಿದಿಲ್ಲ. ನಾನು ಈಗಲೂ ಡೈರಿ ಬರೆಯುತ್ತೇನೆ. ಎಲ್ಲಿ ಏನು ಬಿತ್ತು, ಎಲ್ಲಿ ಏನು ಉರಿಯಿತು ಎಂಬುದು ಗಂಟೆಗೊಮ್ಮೆ ಫೋನಿನಲ್ಲೇ ಬರುತ್ತದೆ. ನಿನ್ನಿಂದ ಅಲ್ಲ ಎಂದು ಸಮಾಧಾನ ಹೇಳುವವರು ಇವತ್ತಿಗೂ ಸಿಗುತ್ತಾರೆ. ಹಾಗೆ ಹೇಳಿ, ನನ್ನ ಭಯವನ್ನು ತಮ್ಮ ತಲೆಗೆ ಹಾಕಿಕೊಂಡು, ಕತ್ತಲಿರುವಾಗಲೇ ಗೇಟಿನ ಬಳಿ ಪೇಪರಿಗೆ ಕಾಯುವವರು ಮಾತ್ರ ಯಾರೂ ಉಳಿದಿಲ್ಲ.