ಗೇಟಿನ ಹೊರಗೆ ಗಂಜಿ

“ಗಂಜಿ ಎಲ್ಲ ಒಳಗೆ ತರುವ ಹಾಗಿಲ್ಲ.”

ಮೂಡುಬಿದಿರೆಯ ಒಂದು ಹಾಸ್ಟೆಲಿನ ಗೇಟಿನಲ್ಲಿ ವಾರ್ಡನ್ ಮೇಡಂ ಹೀಗಂದಾಗ ನನಗೆ ಪಿತ್ತ ನೆತ್ತಿಗೇರಿತು. ಬೀಡಿ, ಬಾಟಲಿ ತಂದಿದ್ದೇವಾ ನಾವು?

ಅಕ್ಕನ ಮಗಳು ಅಲ್ಲಿ ಪಿಯುಸಿ ಓದುತ್ತಾಳೆ. ಹುಡುಗಿಗೆ ಜ್ವರ ಬಿಟ್ಟರೂ ಬಾಯಿ ಕಹಿ, ಮೆಸ್ಸಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ. “ಅಮ್ಮ, ಗಂಜಿ ಬೇಕು” ಅಂತ ಫೋನಿನಲ್ಲಿ ಅತ್ತಳಂತೆ. ಕೊಕ್ಕಡದಲ್ಲಿ ಅಕ್ಕ ಬೆಳಿಗ್ಗೆಯೇ ಕುಚ್ಚಲಕ್ಕಿ ಬೇಯಿಸಿ, ತೆಳಿ (ಅಕ್ಕಿ ಬೆಂದ ನೀರು) ಸಮೇತ ಹಾಟ್‌ಬಾಕ್ಸಿಗೆ ಸುರಿದು, ಮಾವಿನ ಮಿಡಿ ಕಟ್ಟಿಕೊಂಡು ನನ್ನ ಕಾರು ಹತ್ತಿದ್ದಳು.

“ಬೇರೆ ಪೇರೆಂಟ್ಸ್ ನೋಡಿದ್ರೆ ಏನು ತಿಳ್ಕೊಳ್ತಾರೆ? ನಾವು ಮಕ್ಕಳಿಗೆ ಗಂಜಿ ಹಾಕ್ತೇವೆ ಅಂತ ಆಗ್ತದೆ. ಸೂಪ್ ಉಂಟಲ್ಲ, ಕೊಡ್ತೇವೆ.”

ಸೂಪ್! (ಪ್ಯಾಕೆಟ್ ಹರಿದು ಬಿಸಿನೀರಿಗೆ ಸುರಿಯುತ್ತಾರಲ್ಲ, ಅದು.)

“ಇರೆನ ಊರು ಓಲು ಮೇಡಂ?” ತುಳುವಿನಲ್ಲೇ ಕೇಳಿದೆ.

“ಬಂಟ್ವಾಳ. ಯಾಕೆ?” ಕನ್ನಡದಲ್ಲೇ ಉತ್ತರಿಸಿದರು.

ಬಂಟ್ವಾಳದವರು! ಗಂಜಿ ಉಣ್ಣದೆ ಬೆಳೆದವರಾ ಇವರು?

ಅಲ್ಲ ಮಾರಾಯ್ರೇ, ಗಂಜಿ ಎಂಬ ಶಬ್ದ ಎಷ್ಟು ಊರು ಸುತ್ತಿದೆ ಗೊತ್ತುಂಟಾ? ತಮಿಳಿನಲ್ಲಿ ಕಂಜಿ, ಮಲಯಾಳದಲ್ಲಿ ಕಂಞಿ, ತುಳು-ಕನ್ನಡದಲ್ಲಿ ಗಂಜಿ. (ಮೂಲ ದ್ರಾವಿಡವೋ ಸಂಸ್ಕೃತವೋ ಅಂತ ಪಂಡಿತರು ಜಗಳಾಡಲಿ.) ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರು ಆ ಶಬ್ದವನ್ನು ಹಡಗು ಹತ್ತಿಸಿ, ‘ಕಾಂಜ’ ಅಂತ ಕರೆದು, ಕೋಳಿ ಹಾಕಿ ಸೂಪ್ ಮಾಡಿಕೊಂಡರು. ಅಲ್ಲೂ ಹುಷಾರಿಲ್ಲದವರಿಗೆ ಅದನ್ನೇ ಕೊಡುವುದು. ಇಂಗ್ಲಿಷಿನಲ್ಲಿ ಅದು ‘ಕಾಂಜೀ’. ದೊಡ್ಡ ಹೋಟೆಲಿನ ಮೆನುವಿನಲ್ಲಿ ಚೀನಾದವರ ಗಂಜಿಗೂ ಅದೇ ಹೆಸರು. ಅಲ್ಲಿ ಫೋಟೊ ತೆಗೆದು ಸ್ಟೇಟಸ್ ಹಾಕುವವರು ಯಾರು? ನಾವೇ!

ಇಷ್ಟನ್ನೂ ಗೇಟಿನಲ್ಲೇ ಕೂಗಿ ಹೇಳಿದೆ. ಅಕ್ಕ ನನ್ನ ಅಂಗಿ ಎಳೆದಳು. “ಸುಮ್ಮನಿರು ಮಾರಾಯ, ನಾಳೆ ಅವಳು ಇಲ್ಲೇ ಇರಬೇಕಲ್ಲ.”

ಕೊನೆಗೆ ಮೇಡಂ ದೊಡ್ಡ ಮನಸ್ಸು ಮಾಡಿದರು. ಬೇಕಾದರೆ ಹೊರಗೆ ಕಾರಿನಲ್ಲಿ ಕೂತು ಉಣ್ಣಬಹುದಂತೆ. ಹುಡುಗಿ ಹಿಂದಿನ ಸೀಟಿನಲ್ಲಿ ಗಾಜು ಏರಿಸಿ, ಕದ್ದು ತಿನ್ನುವವಳ ಹಾಗೆ ತಲೆ ತಗ್ಗಿಸಿ ಉಂಡಳು.

ಹುಡುಗಿಯ ಜೊತೆಗೆ ಬಂದಿದ್ದ ವಿಜಯಪುರದ ರೂಮ್‌ಮೇಟ್ ಮೆಲ್ಲ ಕೇಳಿದಳು, “ಆಂಟಿ, ನನಗೂ ಒಂದೀಟು ಕೊಡ್ರಿ. ಮನ್ಯಾಗ ನಮ್ಮವ್ವ ಅಂಬಲಿ ಮಾಡ್ತಾಳ, ಇಲ್ಲಿ ಕೇಳಾಕ ನಾಚಿಕಿ.” ಮೇಡಂ ಮರ್ಯಾದೆಗೆ ಅಂಜಿದ್ದು ಇಂಥ ಪರವೂರಿನವರ ಮುಂದೆಯೇ ಅಲ್ಲವಾ? ಆ ಮಗು ಪಾತ್ರೆಯ ತಳ ಬಳಿದು ಉಂಡಿತು.

ವಾಪಸು ಬರುವಾಗ ಬೆಳ್ತಂಗಡಿ ದಾಟಿದ ಮೇಲೆ ಅಕ್ಕ ಹೇಳಿದಳು, “ಇನ್ನೊಮ್ಮೆ ಹೋಗುವಾಗ ಬ್ರೆಡ್ ತೆಗೆದುಕೊಂಡು ಹೋಗುವ. ಗಂಜಿ ಬೇಡ. ಮಗಳಿಗೆ ಮರ್ಯಾದೆ ಕಡಿಮೆ.”

ಗಂಜಿ ಉಣಿಸಿ ಮಗಳನ್ನು ಬೆಳೆಸಿದವಳ ಬಾಯಲ್ಲೇ ಈ ಮಾತು ಹೇಳಿಸಿದಿರಿ, ಈಗ ಸಮಾಧಾನ ಆಯಿತಾ ಮೇಡಂ?