ಕೆರಿಯಮ್ಮ ಹಾಕಿದ ಬಾಗಿಲು

ನಮ್ಮ ವರದಮೂಲದ ಕೆರಿಯಮ್ಮ ಸಿನಿಮಾ ನಟಿಯಾದದ್ದು ಎಪ್ಪತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಸಸಿ ನೆಟ್ಟಿದ್ದಳು, ಎಮ್ಮೆ ಸಾಕಿದ್ದಳು, ಗಂಡನನ್ನು ಸಹಿಸಿದ್ದಳು. ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಹರ್ಷವರ್ಧನ ಎಂಬ ಹುಡುಗ ಕ್ಯಾಮೆರಾ ಹೊತ್ತು ಬಂದ. ಯಾರ ಹಂಗೂ ಇಲ್ಲದ ಸ್ವತಂತ್ರ ನಿರ್ದೇಶಕನಂತೆ. ಊಟ ಮಾತ್ರ ನಮ್ಮ ಮನೆಗಳಲ್ಲಿ. ಕಥೆ ಗೇಣಿ ಕಾಲದ್ದು: ಒಡೆಯ ವಸೂಲಿಗೆ ಬರುತ್ತಾನೆ, ಮುದುಕಿ ಅವನ ಮುಖಕ್ಕೇ ಬಾಗಿಲು ಹಾಕುತ್ತಾಳೆ. ಕೆರಿಯಮ್ಮನ ಅತ್ತೆ ನಿಜದ ಒಡೆಯ ಬಂದಾಗಲೆಲ್ಲ ತಲೆ ತಗ್ಗಿಸಿ ಭತ್ತ ಅಳೆದು ಕೊಟ್ಟವಳು. ಅದಕ್ಕೇ ಇವಳು ನಟಿಸಲು ಒಪ್ಪಿದ್ದು.

"ಅತ್ತೆ ಹಾಕದ ಬಾಗ್ಲು ನಾನು ಹಾಕ್ತೀನಿ ಕಣೇ" ಎಂದಿದ್ದಳು ನನ್ನ ಹತ್ತಿರ.

ಹಾಕಬೇಕಲ್ಲ! ಒಡೆಯನ ವೇಷದವನು ಮೆಟ್ಟಿಲು ಹತ್ತಿದ್ದೇ ತಡ, ಬೆಲ್ಲ-ನೀರು ಹಿಡಿದು ಹೊರಬಂದಳು. ಬಂದವರಿಗೆ ಮೊದಲು ಅದನ್ನು ಕೊಡುವುದು ಅವಳ ಕೈಗಂಟಿದ ರೂಢಿ.

"ಕಟ್! ಅಜ್ಜೀ, ಅವ್ನು ಕೆಟ್ಟವ್ನು!"

"ಕೆಟ್ಟವ್ನಿಗೆ ಬಾಯಾರಲ್ವೇನೋ?"

ಮತ್ತೆ ಮತ್ತೆ ಇದೇ. ಒಡೆಯ ಬೆಲ್ಲ ತಿಂದು ತಿಂದು ಸುಸ್ತಾದ. ಕಡೆಗೆ ಬಿಸಿಲು ಇಳಿಯುವ ಹೊತ್ತಿಗೆ ಕೆರಿಯಮ್ಮ ಬಾಗಿಲು ಬಡಿದಳು ನೋಡಿ, ಮಾಡಿನ ಹೆಂಚು ಅದುರಿತು. ಆ ಸುದ್ದಿಯನ್ನು ಕೇರಿಗೆಲ್ಲ ತಾನೇ ಹಂಚಿಬಂದಳು.

ಸಾಗರದಲ್ಲಿ ಇಂಥ ಸಿನಿಮಾದವರದೊಂದು ಹಬ್ಬ ನಡೆಯಿತು. ನಾವಿಬ್ಬರೂ ಹೋದೆವು. ಮೊದಲು ಭಾಷಣ, ಆಮೇಲೆ ಶಾಲು, ಆಮೇಲೆ ಶಾಲು ಹೊದಿಸಿದವರಿಗೆ ಶಾಲು. ಸಿನಿಮಾ ತೋರಿಸುವುದೂ ಇದೆಯೆಂದು ಅವರಿಗೆ ನೆನಪಾಗುವಾಗ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು.

ತೆರೆಯ ಮೇಲೆ ಒಡೆಯ ಮೆಟ್ಟಿಲು ಹತ್ತಿದ. ಕೆರಿಯಮ್ಮ ನನ್ನ ಕೈ ಬಿಗಿಯಾಗಿ ಹಿಡಿದಳು. ಒಳಗಿಂದ ಬೆಲ್ಲ-ನೀರು ಬಂತು. ಅಲ್ಲಿಗೆ ಸಿನಿಮಾ ಮುಗಿಯಿತು! ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಡ್ಡದ ವಿಮರ್ಶಕರೊಬ್ಬರು ಮೈಕು ಹಿಡಿದು, "ಶೋಷಕನಿಗೂ ಕರುಣೆ! ಇದು ನಿರ್ದೇಶಕರ ದರ್ಶನ" ಎಂದರು. ದರ್ಶನವಾದವನು ಬಹಳ ವಿನಯದಿಂದ ತಲೆಬಾಗಿ ಒಪ್ಪಿಕೊಂಡ.

ಕೆರಿಯಮ್ಮ ನೇರ ಅವನೆದುರು ಹೋಗಿ ನಿಂತಳು. "ನನ್ನ ಬಾಗ್ಲು ಎಲ್ಲಿ ಹೋತು?"

"ಅದಕ್ಕಿಂತ ಇದೇ ಚೆನ್ನಾಗಿ ಬಂದಿತ್ತು ಅಜ್ಜಿ."

"ನಿಂಗೆ ಚೆನ್ನಾಗಿತ್ತು."



ಮರುದಿನ ಹುಡುಗ ಅವಳ ಪಾಲಿನ ಶಾಲು ಹಿಡಿದು ಬಂದ. ಮೆಟ್ಟಿಲು ಹತ್ತಿದ್ದೇ ತಡ, ಕೆರಿಯಮ್ಮ ಅವನ ಮುಖಕ್ಕೇ ಬಾಗಿಲು ಹಾಕಿದಳು. ಹೆಂಚು ಮತ್ತೆ ಅದುರಿತು. ಅವನು ಶಾಲು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಒಂದು ಕೈ ಹೊರಬಂದು ಲೋಟ ನೀರು, ಚೂರು ಬೆಲ್ಲ ಇಟ್ಟಿತು. ಬಾಗಿಲು ಮಾತ್ರ ತೆರೆಯಲಿಲ್ಲ.

ಅವತ್ತು ಕ್ಯಾಮೆರಾ ತಂದಿರಲಿಲ್ಲ, ಪಾಪ.